ಟವರ್, ಎಕ್ಸ್‌ರೇ, ಕವಳ: ಭಾನುವಾರದ ಪ್ರಶ್ನೋತ್ತರ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುವ ನಮ್ಮ ಬಳಗದ ಡಾಕ್ಟರ್ ಮೇಡಂ ಇಂದು ಎರಡು ಗಂಟೆ ನಮ್ಮೊಂದಿಗಿರುತ್ತಾರೆ. ವಿಕಿರಣದ ಬಗ್ಗೆ ದಿನಕ್ಕೊಂದು ಸಂಶೋಧನೆ ಬರುತ್ತದೆ, ಯಾವುದನ್ನು ನಂಬಬೇಕು ಎನ್ನುವುದು ವಿಷಯ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಡಾಕ್ಟರ್: ನಮಸ್ಕಾರ. ಇಲ್ಲಿ ಔಷಧ ಬರೆದುಕೊಡುವುದಿಲ್ಲ. ಉಳಿದದ್ದು ಕೇಳಿ.

ತೀರ್ಥಹಳ್ಳಿಯ ತೋಟದವರು: ಮನೆಯಿಂದ ಇನ್ನೂರು ಅಡಿ ದೂರದಲ್ಲಿ ಟವರ್ ಹಾಕಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ 2011ರಲ್ಲಿ ಮೊಬೈಲ್ ತರಂಗ ಕ್ಯಾನ್ಸರ್‌ಕಾರಕ ಎಂದು ಹೇಳಿದೆ. ಮತ್ತೆ ಅನುಮತಿ ಹೇಗೆ ಸಿಗುತ್ತದೆ ಮೇಡಂ?

ಡಾಕ್ಟರ್: ಹಾಗೆ ಹೇಳಿಲ್ಲ. ‘ಇದ್ದರೂ ಇರಬಹುದು’ ಎನ್ನುವ 2ಬಿ ಗುಂಪಿಗೆ ಸೇರಿಸಿದೆ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಆ ಗುಂಪುಗಳು ಪುರಾವೆ ಎಷ್ಟು ಗಟ್ಟಿ ಎಂದು ಹೇಳುತ್ತವೆ, ಅಪಾಯ ಎಷ್ಟು ದೊಡ್ಡದು ಎಂದಲ್ಲ. ನಮ್ಮ ದೇಶದಲ್ಲಿ ಟವರ್‌ಗಳ ಮಿತಿ 2012ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲು. ಅನುಮಾನವಿದ್ದರೆ ದೂರಸಂಪರ್ಕ ಇಲಾಖೆಯ ತರಂಗ ಸಂಚಾರ್ ಜಾಲತಾಣದ ಮೂಲಕ ಶುಲ್ಕ ಕಟ್ಟಿ ಅಳತೆ ಮಾಡಿಸಿ.

ಹೊಸನಗರದ ಸದಸ್ಯ: ಆ ಟವರ್ ಬೇಡವಾದರೆ ನಮ್ಮೂರಿಗೆ ಕಳುಹಿಸಿ. ಮಂಗನ ಕಾಯಿಲೆಯ ಜ್ವರ ಬಂದವರಿಗೆ ಆಂಬುಲೆನ್ಸ್ ಕರೆಯಲು ನಾವು ಇವತ್ತಿಗೂ ಗುಡ್ಡ ಹತ್ತುತ್ತೇವೆ.

ತೀರ್ಥಹಳ್ಳಿಯ ತೋಟದವರು: ನಿಮ್ಮ ಕಷ್ಟ ನಿಮಗೆ. ನಮ್ಮಲ್ಲಿ ಟವರ್ ಬಂದ ವರ್ಷವೇ ಅಡಿಕೆಗೆ ಎಲೆಚುಕ್ಕೆ ರೋಗ ಬಂತು.

ಡಾಕ್ಟರ್: ಎಲೆಚುಕ್ಕೆ ಶಿಲೀಂಧ್ರದಿಂದ ಬರುವುದು. ಟವರ್ ಇಲ್ಲದ ಹೊಸನಗರದ ತೋಟಗಳಿಗೂ ಬಂದಿದೆಯಲ್ಲ, ಅವರನ್ನೇ ಕೇಳಿ.

ಶಿಕಾರಿಪುರದ ಗೃಹಿಣಿ: ಮೊಬೈಲ್ ಹಿಂದೆ ಸಗಣಿಯ ಚಿಪ್ ಅಂಟಿಸಿದರೆ ವಿಕಿರಣ ಕಡಿಮೆಯಾಗುತ್ತದೆಯೇ ಮೇಡಂ?

ಡಾಕ್ಟರ್: ಇಲ್ಲ. ತರಂಗವನ್ನು ನಿಜವಾಗಿ ತಡೆಯುವ ವಸ್ತು ಅಂಟಿಸಿದರೆ ಸಿಗ್ನಲ್ ಹಿಡಿಯಲು ಫೋನ್ ಇನ್ನೂ ಜೋರಾಗಿ ಕೂಗಿಕೊಳ್ಳುತ್ತದೆ. ತಡೆಯದ ವಸ್ತುವಾದರೆ ಸುಮ್ಮನೆ ಅಂಟಿಕೊಂಡಿರುತ್ತದೆ.

ಭದ್ರಾವತಿಯ ತಾಯಿ: ಮಗಳಿಗೆ ಏಳು ವರ್ಷ. ಜಾರಿ ಬಿದ್ದಾಗ ತಲೆಯ ಸಿಟಿ ಸ್ಕ್ಯಾನ್ ಮಾಡಿಸಿದ್ದೆವು. ಈಗ ಓದಿದ್ದೆಲ್ಲ ಭಯ ಹುಟ್ಟಿಸುತ್ತಿದೆ. ದಯವಿಟ್ಟು ತಿಳಿಸಿ.

ಸಾಗರದ ನಿವೃತ್ತ ಮೇಷ್ಟ್ರು: ಡಾಕ್ಟರಮ್ಮ, ನನಗೆ ಟವರ್ ಬೇಕೇ ಬೇಡವೇ ಎನ್ನುವುದು ಮುಖ್ಯವಲ್ಲ. ಒಂದು ಸಂಶೋಧನೆ ಕೈಗೆ ಬಂದರೆ ನನ್ನಂತಹ ಸಾಮಾನ್ಯನು ಅದರ ಹುಳುಕನ್ನು ಎಲ್ಲಿ ಹುಡುಕಬೇಕು? ಒಂದು ಉದಾಹರಣೆ ಕೊಟ್ಟು ಹೇಳಿ.

ಡಾಕ್ಟರ್: ಮೇಷ್ಟ್ರೇ, 2010ರ ಇಂಟರ್‌ಫೋನ್ ಅಧ್ಯಯನವನ್ನು ತೆಗೆದುಕೊಳ್ಳಿ. 13 ದೇಶಗಳಲ್ಲಿ ಮಿದುಳು ಗಡ್ಡೆ ಇದ್ದವರನ್ನೂ ಇಲ್ಲದವರನ್ನೂ ‘ಎಷ್ಟು ವರ್ಷದಿಂದ, ಎಷ್ಟು ಹೊತ್ತು ಮೊಬೈಲ್ ಬಳಸಿದಿರಿ’ ಎಂದು ಕೇಳಿದರು. ಬಂದ ಉತ್ತರ ನೋಡಿ: ನಿಯಮಿತವಾಗಿ ಬಳಸುವವರಲ್ಲಿ ಗ್ಲಿಯೋಮಾ ಎನ್ನುವ ಮಿದುಳು ಗಡ್ಡೆ ಶೇ. 19ರಷ್ಟು ಕಡಿಮೆ! ಮೊಬೈಲ್ ಮಿದುಳನ್ನು ಕಾಯುತ್ತದೆ ಎಂದು ಯಾರೂ ಫಾರ್ವರ್ಡ್ ಮಾಡಲಿಲ್ಲ. ಅದೇ ಅಧ್ಯಯನದಲ್ಲಿ ಒಟ್ಟು 1,640 ಗಂಟೆಗಿಂತ ಹೆಚ್ಚು ಬಳಸಿದೆವು ಎಂದವರಲ್ಲಿ ಗಡ್ಡೆ ಶೇ. 40ರಷ್ಟು ಹೆಚ್ಚು. ಇದನ್ನು ಮಾತ್ರ ಎಲ್ಲರೂ ಹಂಚಿದರು. ಎರಡೂ ಒಂದೇ ಹಾಳೆಯಲ್ಲಿವೆ. ಒಂದನ್ನು ನಂಬಿದರೆ ಇನ್ನೊಂದನ್ನೂ ನಂಬಬೇಕು.

ಹುಳುಕು ಎಲ್ಲಿದೆ? ನೆನಪಿನಲ್ಲಿ. ಹತ್ತು ವರ್ಷದ ಹಿಂದೆ ಎಷ್ಟು ಹೊತ್ತು ಮಾತಾಡಿದಿರಿ ಎಂದರೆ ನನಗೂ ಹೇಳಲಾಗದು. ತಲೆಯಲ್ಲಿ ಗಡ್ಡೆ ಇರುವವರು ಕಾರಣ ಹುಡುಕುತ್ತಿರುತ್ತಾರೆ, ಹೆಚ್ಚಾಗಿಯೇ ಹೇಳುತ್ತಾರೆ. ದಿನಕ್ಕೆ 12 ಗಂಟೆಗಿಂತ ಹೆಚ್ಚು ಮಾತಾಡುತ್ತಿದ್ದೆವು ಎಂದವರೂ ಅದರಲ್ಲಿದ್ದರು. ಇನ್ನು ಗಡ್ಡೆ ಇಲ್ಲದವರ ಕಡೆಯಲ್ಲಿ, ಮೊಬೈಲ್ ಬಳಸದ ಹಲವರು ‘ನಮಗೇಕೆ ಇದು’ ಎಂದು ಭಾಗವಹಿಸಲು ಒಪ್ಪಲಿಲ್ಲ. ಅದಕ್ಕೇ ಬಳಸುವವರಲ್ಲಿ ಗಡ್ಡೆ ಕಡಿಮೆ ಎಂದು ಕಂಡಿರಬಹುದು.

ಹಾಗಾಗಿ ನೆನಪನ್ನು ನೆಚ್ಚದ ಅಧ್ಯಯನ ಹುಡುಕಬೇಕು. ಡೆನ್ಮಾರ್ಕಿನವರು ಕಂಪನಿಗಳ ಚಂದಾದಾರರ ಪಟ್ಟಿ ಹಿಡಿದು ಸುಮಾರು 3.58 ಲಕ್ಷ ಜನರನ್ನು ನೋಡಿದರು, ಹೆಚ್ಚಳ ಕಾಣಲಿಲ್ಲ. ಅದರಲ್ಲೂ ಹುಳುಕಿದೆ: ಕಚೇರಿಯ ಫೋನ್ ಬಳಸುವವರು ‘ಬಳಸದವರ’ ಪಟ್ಟಿಗೆ ಬಿದ್ದರು. 2024ರಲ್ಲಿ ಕಾಸ್ಮೋಸ್ ಎನ್ನುವ ಅಧ್ಯಯನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಬಳಕೆಯನ್ನು ಕಾಯಿಲೆ ಬರುವ ಮೊದಲೇ ಬರೆದುಕೊಂಡು, ಆಮೇಲೆ ಹಿಂಬಾಲಿಸಿತು. ಅಲ್ಲಿಯೂ ಹೆಚ್ಚಳವಿಲ್ಲ. ಒಬ್ಬೊಬ್ಬರದು ಒಂದೊಂದು ಕುಂದು, ಆದರೂ ಉತ್ತರ ಒಂದೇ ಕಡೆ ವಾಲುತ್ತಿದೆ ಎಂದರೆ ನನಗೆ ಧೈರ್ಯ ಬರುತ್ತದೆ.

ಅಡಿಕೆ ಮಂಡಿ ಸದಸ್ಯ: ಈ ಅಧ್ಯಯನಗಳಿಗೆ ದುಡ್ಡು ಕೊಟ್ಟವರು ಯಾರು ಎಂದು ಹೇಳಲೇ ಇಲ್ಲ.

ಡಾಕ್ಟರ್: ಇಂಟರ್‌ಫೋನ್‌ಗೆ ಸ್ವಲ್ಪ ಹಣ ಮೊಬೈಲ್ ಉದ್ಯಮದಿಂದಲೂ ಬಂದಿತ್ತು. ನೀವು ಇಷ್ಟಪಡುವ ಶೇ. 40 ಬಂದದ್ದೂ ಅದರಿಂದಲೇ. ಹಣ ಯಾರದೆಂದು ನೋಡಿ ಇನ್ನಷ್ಟು ಎಚ್ಚರದಿಂದ ಓದಬೇಕು, ಓದದೆ ಎಸೆಯುವುದಲ್ಲ.

ಶಿರಾಳಕೊಪ್ಪದ ಸದಸ್ಯ: ಎದೆಯ ಎಕ್ಸ್‌ರೇ ತೆಗೆಸಿದರೆ ಕ್ಯಾನ್ಸರ್ ಬರುತ್ತದೆಯೇ?

ಡಾಕ್ಟರ್: ಮಣ್ಣು, ಗಾಳಿ, ಆಕಾಶದಿಂದ ಎರಡು ವಾರದೊಳಗೆ ಹೇಗೂ ಸಿಗುವಷ್ಟು ವಿಕಿರಣ ಅದು. ಬೇಕಾದಾಗ ತೆಗೆಸಿ.

ರಿಪ್ಪನ್‌ಪೇಟೆಯ ಸದಸ್ಯ: ಮೇಡಂ, ಅಪ್ಪನಿಗೆ 61 ವರ್ಷ. ಕೆನ್ನೆಯ ಒಳಗೆ ಕ್ಯಾನ್ಸರ್ ಆಗಿ ಶಸ್ತ್ರಚಿಕಿತ್ಸೆಯಾಯಿತು. 30 ಸಲ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಬೇಕು ಎಂದಿದ್ದರು, 17 ಆಗಿದೆ. ಅಷ್ಟರಲ್ಲಿ ಸಂಬಂಧಿಕರೊಬ್ಬರು ‘ಅಮೆರಿಕ ಸರ್ಕಾರದ ಸಂಶೋಧನೆ: ವಿಕಿರಣದಿಂದ ಇಲಿಗಳ ಹೃದಯದಲ್ಲಿ ಗಡ್ಡೆ’ ಎನ್ನುವುದನ್ನು ಕಳುಹಿಸಿದರು. ಜೊತೆಗೆ ಲಕ್ಷ್ಮಣಫಲದ ಎಲೆಯ ಕಷಾಯ ಹೇಳಿದರು. ಅಪ್ಪ ಹೆದರಿ ಚಿಕಿತ್ಸೆ ನಿಲ್ಲಿಸಿ ಇಂದಿಗೆ ಒಂಬತ್ತು ದಿನ. ಬಾಯಿ ಹುಣ್ಣಾಗಿದೆ, ಊಟ ಸೇರುವುದಿಲ್ಲ. ಮುಂದುವರಿಸಬೇಕೇ?

ಡಾಕ್ಟರ್: ಉಳಿದವರು ಸ್ವಲ್ಪ ಹೊತ್ತು ಸುಮ್ಮನಿರಿ. ರಿಪ್ಪನ್‌ಪೇಟೆಯವರೇ, ನಾಳೆ ಬೆಳಿಗ್ಗೆ ಅವರನ್ನು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮುಂದಿನದನ್ನು ಬಸ್ಸಿನಲ್ಲಿ ಓದಿದರೂ ಆದೀತು.

ಇಲಿಗಳ ಸಂಶೋಧನೆ ಸುಳ್ಳಲ್ಲ, ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2018ರಲ್ಲಿ ಪ್ರಕಟಿಸಿದ್ದು. ಆದರೆ ಅದು ಮೊಬೈಲ್ ತರಂಗದ ಮೇಲಿನ ಸಂಶೋಧನೆ, ನಿಮ್ಮ ತಂದೆಯವರಿಗೆ ಕೊಡುವ ಕರೆಂಟಿನ ಮೇಲಿನದಲ್ಲ. ಕನ್ನಡದಲ್ಲಿ ಎರಡಕ್ಕೂ ವಿಕಿರಣ ಎಂದೇ ಬರೆಯುತ್ತೇವೆ. ಕಳುಹಿಸಿದವರು ಆ ಒಂದು ಪದಕ್ಕೆ ನಿಮ್ಮ ತಂದೆಯವರನ್ನು ತೂಗುಹಾಕಿದ್ದಾರೆ. ಆ ಇಲಿಗಳಿಗೆ ದಿನಕ್ಕೆ ಒಂಬತ್ತು ಗಂಟೆಯಂತೆ ಎರಡು ವರ್ಷ ಇಡೀ ಮೈಗೆ ತರಂಗ ಕೊಟ್ಟರು. ಅತಿ ಹೆಚ್ಚು ಪ್ರಮಾಣ ಪಡೆದ ಗುಂಪುಗಳಲ್ಲಿ 90 ಗಂಡಿಲಿಗಳಲ್ಲಿ ಐದಾರಕ್ಕೆ ಹೃದಯದ ಗಡ್ಡೆ ಬಂತು. ಹೆಣ್ಣಿಲಿಗಳಲ್ಲಿ ಹಾಗೆ ಸ್ಪಷ್ಟವಾಗಿ ಕಾಣಲಿಲ್ಲ, ‘ಮೌಸ್’ ಎನ್ನುವ ಬೇರೆ ಜಾತಿಯ ಚಿಕ್ಕ ಇಲಿಗಳಲ್ಲಿಯೂ ಇಲ್ಲ. ಇನ್ನೂ ವಿಚಿತ್ರವೆಂದರೆ ತರಂಗ ಪಡೆದ ಗಂಡಿಲಿಗಳು ಪಡೆಯದವುಗಳಿಗಿಂತ ಹೆಚ್ಚು ಕಾಲ ಬದುಕಿದವು. ಫಾರ್ವರ್ಡ್‌ನಲ್ಲಿ ಆ ಸಾಲು ಇತ್ತೇ?

ಈಗ ಚಿಕಿತ್ಸೆಯ ವಿಕಿರಣದ ಮಾತು. ಅದು ಕ್ಯಾನ್ಸರ್ ತರಬಲ್ಲದು, ನಾನು ಮುಚ್ಚಿಡುವುದಿಲ್ಲ. ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರನ್ನು 1950ರಿಂದ ಹಿಂಬಾಲಿಸಿದ ಅಧ್ಯಯನ ಅದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿದೆ. ಆದರೆ ಚಿಕಿತ್ಸೆಯಿಂದ ಇನ್ನೊಂದು ಗಡ್ಡೆ ಬರುವ ಸಾಧ್ಯತೆ ಸಣ್ಣದು, ಬಂದರೂ ಹೆಚ್ಚಾಗಿ ಹತ್ತು ವರ್ಷ ಕಳೆದ ಮೇಲೆ. ಅರ್ಧಕ್ಕೆ ಬಿಟ್ಟ ಬಾಯಿ ಕ್ಯಾನ್ಸರ್ ಮರಳಲು ತಿಂಗಳುಗಳು ಸಾಕು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗಳಲ್ಲಿ ಚಿಕಿತ್ಸೆ ಒಂದು ದಿನ ಲಂಬಿಸಿದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಶೇ. 1ರಷ್ಟು ಅಥವಾ ತುಸು ಹೆಚ್ಚು ಕುಸಿಯುತ್ತದೆ ಎನ್ನುವುದು ಹಲವು ಅಧ್ಯಯನಗಳು ಕೂಡಿ ಕೊಟ್ಟ ಲೆಕ್ಕ. ನಿಮ್ಮದು ಒಂಬತ್ತು ದಿನ. ತಪ್ಪಿದ ದಿನಗಳನ್ನು ಸರಿದೂಗಿಸಲು ಅವರು ಲೆಕ್ಕ ಮತ್ತೆ ಹಾಕುತ್ತಾರೆ, ಕೆಲವೊಮ್ಮೆ ದಿನಕ್ಕೆ ಎರಡು ಸಲ ಕೊಡುತ್ತಾರೆ. ಬೈಸಿಕೊಳ್ಳುತ್ತೇವೆ ಎಂದು ಹೋಗದೆ ಇರಬೇಡಿ. ಬಾಯಿ ಹುಣ್ಣು ನಿರೀಕ್ಷಿತವೇ, ಅದಕ್ಕೆ ನೋವಿನ ಔಷಧವಿದೆ, ಬೇಕಾದರೆ ಮೂಗಿನ ನಳಿಕೆಯಿಂದ ಆಹಾರ ಕೊಡುತ್ತಾರೆ. ಕಷಾಯ ಕುಡಿಸಿದ್ದನ್ನೂ ಹೇಳಿ. ಕೆನ್ನೆಗೆ ಅರಿಶಿನ, ಎಣ್ಣೆ, ಲೋಳೆಸರ ಯಾವುದನ್ನೂ ಹಚ್ಚಬೇಡಿ.

ಶಿಕಾರಿಪುರದ ಗೃಹಿಣಿ: ಲಕ್ಷ್ಮಣಫಲ ಕಿಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿಶಾಲಿಯಂತೆ. ನಮ್ಮ ಪರಿಚಯದವರಿಗೆ ಗುಣವಾಗಿದೆ.

ಡಾಕ್ಟರ್: ಗಾಜಿನ ತಟ್ಟೆಯಲ್ಲಿಟ್ಟ ಜೀವಕೋಶಗಳ ಮೇಲೆ ಮಾಡಿದ ಪರೀಕ್ಷೆ ಅದು. ಕುದಿಯುವ ನೀರು ಸುರಿದರೂ ಆ ಜೀವಕೋಶಗಳು ಸಾಯುತ್ತವೆ. ಕುಡಿಸುತ್ತೀರಾ?

ಅಡಿಕೆ ಮಂಡಿ ಸದಸ್ಯ: ಮೇಡಂ, ಅವರ ತಂದೆ ತಂಬಾಕು ಹಾಕುತ್ತಿದ್ದಿರಬೇಕು. ಬರೀ ಅಡಿಕೆಯಿಂದ ಏನೂ ಆಗುವುದಿಲ್ಲ. ಜನ ಸುಮ್ಮನೆ ಅಡಿಕೆಯ ಹೆಸರು ಕೆಡಿಸುತ್ತಾರೆ.

ಸಾಗರದ ನಿವೃತ್ತ ಮೇಷ್ಟ್ರು: ಕ್ಯಾನ್ಸರ್ ವಿಷಯದಲ್ಲಿ ಅಡಿಕೆಯ ಹೆಸರನ್ನು ಇಲ್ಲಿ ಯಾರೂ ಎತ್ತಿರಲಿಲ್ಲವಲ್ಲ?

ತೀರ್ಥಹಳ್ಳಿಯ ತೋಟದವರು: ಮಂಡಿಯವರು ಹೇಳಿದ್ದು ಸರಿ. ಅದೆಲ್ಲ ವಿದೇಶಿ ಸಂಸ್ಥೆಗಳ ಪಿತೂರಿ.

ಸಾಗರದ ನಿವೃತ್ತ ಮೇಷ್ಟ್ರು: ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದದ್ದು, ಒಂದು ಗಂಟೆಯ ಹಿಂದೆ ಟವರ್ ವಿರುದ್ಧ ಸಾಕ್ಷಿಗೆ ನೀವೇ ಕರೆದುತಂದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ. ಅಡಿಕೆ ಎಂದ ಕೂಡಲೇ ವಿದೇಶಿಯಾಯಿತೇ?

ತೀರ್ಥಹಳ್ಳಿಯ ತೋಟದವರು: ಪಿಂಚಣಿ ಬರುವವರಿಗೆ ಮಾತು ಸುಲಭ. ತೋಟ ನಂಬಿದವರಿಗೆ ಗೊತ್ತು.

ಡಾಕ್ಟರ್: ನನ್ನ ತವರಿನಲ್ಲೂ ಅಡಿಕೆ ತೋಟವೇ ಇರುವುದು, ನನ್ನ ಓದಿನ ಶುಲ್ಕ ಬಂದದ್ದೂ ಅದರಿಂದಲೇ. ಆದರೂ ಹೇಳುತ್ತೇನೆ. ಆ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು 1ನೇ ಗುಂಪಿಗೆ ಹಾಕಿತು. ಅಲ್ಲಿ ‘ಇದ್ದರೂ ಇರಬಹುದು’ ಇಲ್ಲ. ‘ತಂಬಾಕನ್ನು ಬೇರೆ ಮಾಡಿ ನೋಡಿದ್ದಾರೆಯೇ’ ಎನ್ನುವುದು ನ್ಯಾಯವಾದ ಪ್ರಶ್ನೆ. ನೋಡಿದ್ದಾರೆ. ತೈವಾನಿನಲ್ಲಿ ಕವಳಕ್ಕೆ, ಅಂದರೆ ಎಲೆಅಡಿಕೆಗೆ, ತಂಬಾಕು ಹಾಕುವುದಿಲ್ಲ, ಅಲ್ಲಿಯೂ ಬಾಯಿ ಕ್ಯಾನ್ಸರ್ ಇದೆ. ಟವರ್‌ಗೆ ಒಂದು ತಕ್ಕಡಿ, ಅಡಿಕೆಗೆ ಇನ್ನೊಂದು ತಕ್ಕಡಿ ಮಂಡಿಯಲ್ಲಿ ನಡೆಯುತ್ತದೆಯೇ?

ಅಡಿಕೆ ಮಂಡಿ ಸದಸ್ಯ: ಮಂಡಿಯ ತಕ್ಕಡಿಯ ಬಗ್ಗೆ ಮಾತಾಡುವುದು ಬೇಡ ಮೇಡಂ.

ಸಿದ್ದಾಪುರದ ಸದಸ್ಯ: ಕೈಗಾ ಅಣು ವಿದ್ಯುತ್ ಸ್ಥಾವರ ಬಂದ ಮೇಲೆ ನಮ್ಮ ಕಡೆ ಕ್ಯಾನ್ಸರ್ ಹೆಚ್ಚಾಗಿದೆ. ನಮ್ಮ ಕೇರಿಯಲ್ಲೇ ನಾಲ್ಕು ಜನ. ಇದಕ್ಕೇನು ಹೇಳುತ್ತೀರಿ?

ಸಾಗರದ ನಿವೃತ್ತ ಮೇಷ್ಟ್ರು: ಡಾಕ್ಟರಮ್ಮ ಹೇಳುವವರೆಗೆ ನಮ್ಮ ತಾಲ್ಲೂಕಿನ ಹಂದಿಗೋಡು ಕಾಯಿಲೆಯನ್ನು ನೆನೆಯಿರಿ. ಎಪ್ಪತ್ತರ ದಶಕದಲ್ಲಿ ಜನರ ಸೊಂಟ, ಮಂಡಿ ಹಿಡಿದುಕೊಂಡಾಗ ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದೇ ಕಾರಣ ಎಂದು ಎಲ್ಲರೂ ನಂಬಿದ್ದರು. ಮುಂದೆ ಮನೆಮನೆಯ ವಂಶಾವಳಿ ಬರೆದಾಗ ಅದು ಆನುವಂಶಿಕ ಎಂದು ಕಂಡಿತು. ಕೇರಿಯ ನಾಲ್ಕು ಜನರನ್ನು ಎಣಿಸಿ ಕಾರಣ ಹೇಳಲಾಗದು. ಯಾವ ಕ್ಯಾನ್ಸರ್, ಯಾವ ವಯಸ್ಸು, ಮೊದಲು ಎಷ್ಟಿತ್ತು?

ಸಿದ್ದಾಪುರದ ಸದಸ್ಯ: ನಾನು ಕೇಳಿದ್ದು ಡಾಕ್ಟರನ್ನು.

ಭದ್ರಾವತಿಯ ತಾಯಿ: ಮೇಡಂ, ನನ್ನ ಮಗಳ ಸ್ಕ್ಯಾನ್ ಪ್ರಶ್ನೆ ಮೇಲೆ ಇದೆ.

ಕೊಪ್ಪದ ಸದಸ್ಯ: ಎಕ್ಸ್‌ರೇ ತೆಗೆಸಿದರೆ ಕ್ಯಾನ್ಸರ್ ಬರುತ್ತದೆಯೇ ಮೇಡಂ?

ಡಾಕ್ಟರ್: ಮೇಲೆ ಓದಿ.

ಶಿಕಾರಿಪುರದ ಗೃಹಿಣಿ: ತುಳಸಿ ಗಿಡ ಕಿಟಕಿಯಲ್ಲಿಟ್ಟರೆ ಟವರ್ ವಿಕಿರಣ ಹೀರಿಕೊಳ್ಳುತ್ತದೆ ಎಂದು ಇಲ್ಲಿ ಬಂದಿದೆ ನೋಡಿ.

ನಿರ್ವಾಹಕರು: ಫಾರ್ವರ್ಡ್ ಅಳಿಸಲಾಗಿದೆ. ಇನ್ನೊಮ್ಮೆ ಹಾಕಿದರೆ ಬಳಗದಿಂದ ತೆಗೆಯುತ್ತೇವೆ.

ಶಿಕಾರಿಪುರದ ಗೃಹಿಣಿ: ತುಳಸಿಯ ಬಗ್ಗೆ ಹೇಳಿದರೆ ಇಷ್ಟು ಸಿಟ್ಟು. ತೆಗೆಯಿರಿ.

ರಿಪ್ಪನ್‌ಪೇಟೆಯ ಸದಸ್ಯ: ಮೇಡಂ, ಆಸ್ಪತ್ರೆಗೆ ಫೋನ್ ಮಾಡಿದೆ. ನಾಳೆ ಎಂಟು ಗಂಟೆಗೆ ಬರಲು ಹೇಳಿದ್ದಾರೆ. ಅಪ್ಪನಿಗೆ ನಿಮ್ಮ ಉತ್ತರವನ್ನು ಎರಡು ಸಲ ಓದಿ ಹೇಳಿದೆ, ಒಪ್ಪಿದ್ದಾರೆ. ತಂಬಾಕು ಬೆರೆಸದೆ ಒಂದು ಸಣ್ಣ ಕವಳ ಹಾಕಬಹುದೇ ಎಂದು ಕೇಳಲು ಹೇಳಿದರು.

ಡಾಕ್ಟರ್: ಬೇಡ.