ಉಬುಂಟು 24.04 ಅಪ್‌ಗ್ರೇಡ್ ಮಧ್ಯೆ ಕರೆಂಟ್ ಹೋಯಿತು, ಜಿಸಿಸಿ ಕಂಪೈಲ್ ಮಾಡುತ್ತಿಲ್ಲ

ಸೋಮವಾರಪೇಟೆ:
22.04ರಿಂದ 24.04ಕ್ಕೆ ಅಪ್‌ಗ್ರೇಡ್ ಹಾಕಿದ್ದೆ. ಪ್ಯಾಕೇಜ್‌ಗಳು ಇನ್‌ಸ್ಟಾಲ್ ಆಗುತ್ತಿರುವಾಗಲೇ ಕರೆಂಟ್ ಹೋಯಿತು, ಯುಪಿಎಸ್ ಹತ್ತೇ ನಿಮಿಷಕ್ಕೆ ಕೈಕೊಟ್ಟಿತು. ಸಿಸ್ಟಂ ಬೂಟ್ ಆಗುತ್ತದೆ, ಡೆಸ್ಕ್‌ಟಾಪ್ ಬರುತ್ತದೆ. ಆದರೆ ಕಂಪೈಲರ್ ಆದ ಜಿಸಿಸಿಯ ವರ್ಷನ್ ಕೇಳಿದರೆ 11.4.0 ಅನ್ನುತ್ತದೆ, ಏನನ್ನು ಕಂಪೈಲ್ ಮಾಡಲು ಹೋದರೂ ‘ಸಿಸಿ1’ ಇಲ್ಲ ಎಂದು ಫೇಟಲ್ ಎರರ್. ಕಂಪೈಲ್‌ಗೆ ಬೇಕಾದ್ದನ್ನೆಲ್ಲ ತರುವ ಬಿಲ್ಡ್-ಎಸೆನ್ಷಿಯಲ್ ಮತ್ತೆ ಹಾಕಲು ನೋಡಿದರೆ, ಲಿಬ್‌ಸಿ6-ಡೆವ್‌ಗೆ (ಹೆಡರ್ ಫೈಲ್‌ಗಳ ಪ್ಯಾಕೇಜ್) ಲಿಬ್‌ಸಿ6 (ಸಿಸ್ಟಂನ ಮೂಲ ಸಿ ಲೈಬ್ರರಿ) 2.35 ಬೇಕು, ಇರುವುದು 2.39 ಎಂದು ನಿಂತುಬಿಡುತ್ತದೆ. ಅಪ್‌ಗ್ರೇಡ್ ಕೆಟ್ಟಿತೆಂದು, ಪ್ಯಾಕೇಜ್‌ಗಳನ್ನು ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಲಿಸ್ಟ್ ಫೈಲನ್ನು ಡಿಸ್ಟ್‌ಅಪ್‌ಗ್ರೇಡ್ ಬ್ಯಾಕಪ್‌ನಿಂದ ವಾಪಸ್ ಹಾಕಿದ್ದೇನೆ. ಲಿಬ್‌ಸಿ6 ಅನ್ನೇ 2.35ಕ್ಕೆ ಇಳಿಸಬಹುದಾ? ಇರುವುದು ಮೊಬೈಲ್ ಹಾಟ್‌ಸ್ಪಾಟ್, 5 ಜಿಬಿ ಮೀರುವ ಐಎಸ್‌ಒ ಇಳಿಸಿ ಹೊಸದಾಗಿ ಹಾಕುವುದು ಕಷ್ಟ. ತೋಟದ ಮಳೆ ಲೆಕ್ಕದ ಪ್ರೋಗ್ರಾಂ ಈ ಮಷೀನ್‌ನಲ್ಲೇ ಇದೆ.

ಮಡಿಕೇರಿ:
ಲಿಬ್‌ಸಿ6 ಅನ್ನು 2.35ಕ್ಕೆ ಇಳಿಸಲೇಬೇಡಿ ಸರ್. ಈಗಾಗಲೇ ಬಂದಿರುವ ಹೊಸ ಪ್ಯಾಕೇಜ್‌ಗಳು 2.39 ನಂಬಿಕೊಂಡಿವೆ, ಅದನ್ನು ಕಿತ್ತರೆ ಪ್ಯಾಕೇಜ್ ಹಾಕುವ ಟೂಲ್ ಆಪ್ಟ್ ಕೂಡ ಏಳುವುದಿಲ್ಲ, ಆಮೇಲೆ ರಿಪೇರಿಗೆ ದಾರಿಯೇ ಇರುವುದಿಲ್ಲ.

ನಿಮ್ಮಲ್ಲಿ ಎರಡು ತೊಂದರೆ ಬೆರೆತಿವೆ. ಜಿಸಿಸಿ ಅನ್ನುವುದು ಮೇಸ್ತ್ರಿ ಇದ್ದ ಹಾಗೆ, ತಾನೇ ಕಂಪೈಲ್ ಮಾಡುವುದಿಲ್ಲ. ಸಿ ಕೋಡನ್ನು ಅಸೆಂಬ್ಲಿ ಮಾಡುವುದು ಸಿಸಿ1; ಅದು ಬರುವುದು ಜಿಸಿಸಿ-11 ಪ್ಯಾಕೇಜ್‌ನಲ್ಲಲ್ಲ, ಸಿಪಿಪಿ-11ರಲ್ಲಿ. ಕರೆಂಟ್ ಹೋದಾಗ ಒಂದು ಉಳಿದು ಇನ್ನೊಂದು ಹೋಗಿದೆ. ಎರಡನೆಯದು ನೀವು ವಾಪಸ್ ಹಾಕಿದ ಸೋರ್ಸಸ್ ಲಿಸ್ಟ್: ಅದರಲ್ಲಿ ಇನ್ನೂ ‘ಜ್ಯಾಮಿ’ (22.04ರ ಹೆಸರು) ಇದೆ, ಅದಕ್ಕೇ ಆಪ್ಟ್ 2.35ರ ಹೆಡರ್‌ಗಳನ್ನೇ ತರಲು ಹೋಗುತ್ತಿದೆ.

ಮೊದಲು ಆ ಫೈಲ್‌ನಲ್ಲಿ ಜ್ಯಾಮಿ ಇರುವ ಕಡೆಯೆಲ್ಲ ‘ನೋಬಲ್’ (24.04ರ ಹೆಸರು) ಮಾಡಿ. ಅಪ್‌ಡೇಟ್ಸ್, ಸೆಕ್ಯುರಿಟಿ, ಬ್ಯಾಕ್‌ಪೋರ್ಟ್ಸ್ ಸಾಲುಗಳನ್ನು ಬಿಡಬೇಡಿ. ಪಕ್ಕದ ಸೋರ್ಸಸ್.ಲಿಸ್ಟ್.ಡಿ ಫೋಲ್ಡರ್‌ನಲ್ಲಿರುವ ಹೊರಗಿನ ಪಿಪಿಎಗಳನ್ನು (ಬೇರೆಯವರ ಪ್ಯಾಕೇಜ್ ಮೂಲಗಳನ್ನು) ಸದ್ಯಕ್ಕೆ ಆಫ್ ಮಾಡಿಡಿ. ಆಮೇಲೆ ಇದೇ ಕ್ರಮದಲ್ಲಿ (ಟೈಪ್ ಮಾಡುವುದು ಇಂಗ್ಲಿಷ್ ಸಣ್ಣಕ್ಷರದಲ್ಲಿ):

ಸುಡೋ ಆಪ್ಟ್ ಅಪ್‌ಡೇಟ್
ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್
ಸುಡೋ ಆಪ್ಟ್ ಫುಲ್-ಅಪ್‌ಗ್ರೇಡ್

ಕೊನೆಯದರಲ್ಲಿ ‘ವೈ’ ಒತ್ತುವ ಮೊದಲು, ತೆಗೆದುಹಾಕುವ ಪ್ಯಾಕೇಜ್‌ಗಳ ಪಟ್ಟಿ ಓದಿ. ಅದರಲ್ಲಿ ಉಬುಂಟು-ಡೆಸ್ಕ್‌ಟಾಪ್ ಕಂಡರೆ ಅಲ್ಲೇ ನಿಲ್ಲಿಸಿ, ಪಟ್ಟಿಯನ್ನು ಇಲ್ಲಿ ಹಾಕಿ.

ಗೋಣಿಕೊಪ್ಪ:
ಡೇಟಾ ಬಗ್ಗೆ ಒಂದು ಮಾತು. ಅಪ್‌ಗ್ರೇಡ್ ಟೂಲ್ ಎಲ್ಲವನ್ನೂ ಇಳಿಸಿಕೊಂಡೇ ಇನ್‌ಸ್ಟಾಲ್ ಶುರು ಮಾಡುವುದು. ಹಾಗಾಗಿ ಇಳಿಸಿದ ಡೆಬ್ (ಪ್ಯಾಕೇಜ್) ಫೈಲ್‌ಗಳು ಆಪ್ಟ್‌ನ ಕ್ಯಾಶ್ ಫೋಲ್ಡರ್‌ನಲ್ಲಿ ಇನ್ನೂ ಇರುತ್ತವೆ. ಜಾಗ ಸಾಲದೆಂದು ‘ಆಪ್ಟ್ ಕ್ಲೀನ್’ ಕೊಟ್ಟರೆ ಅಷ್ಟನ್ನೂ ಮತ್ತೆ ಇಳಿಸಬೇಕಾಗುತ್ತದೆ. ಫುಲ್-ಅಪ್‌ಗ್ರೇಡ್‌ಗೆ ಮೊದಲು ‘-ಡಿ’ ಸೇರಿಸಿ ಕೊಟ್ಟರೆ ಬರೀ ಡೌನ್‌ಲೋಡ್ ಮಾಡಿ ನಿಲ್ಲುತ್ತದೆ. ಸಿಗ್ನಲ್ ಇದ್ದಾಗ ಅದನ್ನು ಮುಗಿಸಿ, ಕರೆಂಟ್ ಹೋಗದೆ ಇರುವ ಹೊತ್ತು ನೋಡಿ ಇನ್‌ಸ್ಟಾಲ್ ಮಾಡಿ. ಈ ಮಳೆಯಲ್ಲಿ ಎರಡೂ ಒಟ್ಟಿಗೆ ಸಿಗುವುದನ್ನು ಕಾಯಬೇಡಿ.

ಸೋಮವಾರಪೇಟೆ:
ನಾಲ್ಕೂ ಕಮಾಂಡ್ ಮುಗಿದವು, ಡಿಪಿಕೆಜಿ ಸುಮ್ಮನಾಯಿತು. ಜಿಸಿಸಿ-13 ಬಂದಿದೆ. ಆದರೆ ಬರೀ ಜಿಸಿಸಿ ಎಂದರೆ ಈಗಲೂ 11.4.0. ಹಿಂದೆ ಅಪ್‌ಡೇಟ್-ಆಲ್ಟರ್ನೇಟಿವ್ಸ್‌ನಲ್ಲಿ (ಯಾವ ವರ್ಷನ್ ಓಡಬೇಕೆಂದು ಆರಿಸುವ ಟೂಲ್) 11 ಅನ್ನು ಕಟ್ಟಿದ್ದು ನೆನಪು. ಜೊತೆಗೆ ಸಿ++ ಕಂಪೈಲರನ್ನು ಜಿ++-13 ಎಂದೇ ಕರೆದು ಮಳೆ ಪ್ರೋಗ್ರಾಂ ಕಂಪೈಲ್ ಮಾಡಿದರೆ ‘ಯುಇಂಟ್16_ಟಿ’ ಎಂಬ ಟೈಪೇ ಇಲ್ಲ ಅನ್ನುತ್ತದೆ. 22.04ರಲ್ಲಿ ಇದೇ ಫೈಲ್ ಸರಿಯಾಗಿತ್ತು.

ಮಡಿಕೇರಿ:
ಆಲ್ಟರ್ನೇಟಿವ್ಸ್‌ಗೆ --ರಿಮೂವ್-ಆಲ್ ಜಿಸಿಸಿ ಕೊಡಿ, ಜಿ++ಗೂ ಕಟ್ಟಿದ್ದರೆ ಅದಕ್ಕೂ. ತುಂಬ ಜನ ಎಡವುವುದು ಇಲ್ಲೇ: ಇದು ಜಿಸಿಸಿ ಎಂಬ ಲಿಂಕನ್ನೂ ಸೇರಿಸಿ ಅಳಿಸುತ್ತದೆ, ‘ಕಮಾಂಡ್ ನಾಟ್ ಫೌಂಡ್’ ಬರುತ್ತದೆ. ಗಾಬರಿ ಬೇಡ. ಸುಡೋ ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್ ಜಿಸಿಸಿ ಜಿ++ ಸಿಪಿಪಿ ಎಂದರೆ 13ಕ್ಕೆ ತೋರಿಸುವ ಲಿಂಕ್‌ಗಳು ಮತ್ತೆ ಬರುತ್ತವೆ. ಇಲ್ಲಿ ಬಿಲ್ಡ್-ಎಸೆನ್ಷಿಯಲ್ ರೀಇನ್‌ಸ್ಟಾಲ್ ಮಾಡಿ ಪ್ರಯೋಜನವಿಲ್ಲ, ಅದು ಬೇರೆ ಪ್ಯಾಕೇಜ್‌ಗಳನ್ನು ಕರೆಯುವ ಪಟ್ಟಿ ಅಷ್ಟೆ. ಅದೇ ಟರ್ಮಿನಲ್‌ನಲ್ಲಿ ‘ಹ್ಯಾಶ್ -ಆರ್’ ಕೊಡಿ, ಇಲ್ಲದಿದ್ದರೆ ಬ್ಯಾಶ್ (ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುವ ಶೆಲ್) ಹಳೆಯ ದಾರಿಯನ್ನೇ ಹಿಡಿದಿರಬಹುದು.

ಟೈಪ್ ಎರರ್‌ಗೆ ಕಾರಣ ಅಪ್‌ಗ್ರೇಡ್ ಕೆಟ್ಟಿದ್ದಲ್ಲ. ಜಿಸಿಸಿ 13ರಲ್ಲಿ ಸಿ++ ಲೈಬ್ರರಿಯ ಕೆಲವು ಹೆಡರ್‌ಗಳು, ಯುಇಂಟ್16_ಟಿ ಇರುವ ‘ಸಿಎಸ್‌ಟಿಡಿಇಂಟ್’ ಹೆಡರನ್ನು ಒಳಗೊಳಗೇ ಎಳೆದುಕೊಂಡು ಬರುವುದನ್ನು ಬಿಟ್ಟಿವೆ. ಮೊದಲು ಅದು ಪುಕ್ಕಟೆಯಾಗಿ ಸಿಗುತ್ತಿತ್ತು, ಈಗ ನೀವೇ ಇನ್‌ಕ್ಲೂಡ್ ಮಾಡಬೇಕು. ಫೈಲಿನ ತಲೆಯಲ್ಲಿ ಆ ಒಂದು ಸಾಲು ಸಾಕು. ಮಳೆಯ ಸೆಂಟ್ಸ್ (ಇಂಚಿನ ನೂರನೇ ಭಾಗ) ಲೆಕ್ಕವನ್ನು 0.254ರಿಂದ ಗುಣಿಸಿ ಮಿಲಿಮೀಟರ್ ಮಾಡುವ ಸಾಲುಗಳನ್ನೆಲ್ಲ ಮುಟ್ಟಬೇಕಾಗಿಲ್ಲ.

ಗೋಣಿಕೊಪ್ಪ:
ಬಿಲ್ಡ್‌ಗೆ ಸಿಮೇಕ್ ಟೂಲ್ ಬಳಸುತ್ತಿದ್ದರೆ ಬಿಲ್ಡ್ ಫೋಲ್ಡರನ್ನೇ ಅಳಿಸಿ ಹೊಸದಾಗಿ ಶುರು ಮಾಡಿ. ಹಳೆಯ ಕಂಪೈಲರ್‌ನ ದಾರಿ ಸಿಮೇಕ್ ಕ್ಯಾಶ್‌ನಲ್ಲಿ ಬರೆದಿಟ್ಟಿರುತ್ತದೆ. ಬರೀ ಮೇಕ್ ಆದರೆ ಮೇಕ್ ಕ್ಲೀನ್ ಸಾಕು.

ಸೋಮವಾರಪೇಟೆ:
ಕಂಪೈಲ್ ಆಯಿತು, ಲೆಕ್ಕವೂ ಸರಿ ಬರುತ್ತಿದೆ, ತುಂಬಾ ಉಪಕಾರವಾಯಿತು. ಇದೇ ಬೈನರಿಯನ್ನು ತೋಟದ ಆಫೀಸಿನ 22.04 ಮಷೀನ್‌ಗೆ ಹಾಕಿದರೆ ‘ಜಿಲಿಬ್‌ಸಿ 2.38 ನಾಟ್ ಫೌಂಡ್’. ಇಲ್ಲಿ ಜಿಸಿಸಿ-11 ಹಾಕಿ ಕಂಪೈಲ್ ಮಾಡಿದರೆ ಆಗುತ್ತದಾ?

ಮಡಿಕೇರಿ:
ಆಗುವುದಿಲ್ಲ. ಕಂಪೈಲರ್ ಹಳೆಯದಾದರೂ ಲಿಂಕ್ ಆಗುವುದು ಈ ಮಷೀನ್‌ನ ಜಿಲಿಬ್‌ಸಿ (ಅಂದರೆ ಲಿಬ್‌ಸಿ6) 2.39 ಜೊತೆಗೇ. ಸಿ++ನಲ್ಲಿ ‘ಎಸ್‌ಟಿಆರ್‌ಟಾಲ್’ (ಅಕ್ಷರದಲ್ಲಿರುವ ಅಂಕಿಯನ್ನು ಸಂಖ್ಯೆ ಮಾಡುವುದು) ತರಹದ ಫಂಕ್ಷನ್ ಬಳಸಿದರೆ ಸಾಕು, 2.38ರಲ್ಲಿ ಬಂದ ಹೊಸ ಸಿಂಬಲ್ ಸೇರಿಕೊಳ್ಳುತ್ತದೆ. ಸೋರ್ಸ್ ಫೈಲನ್ನೇ ಪೆನ್‌ಡ್ರೈವ್‌ನಲ್ಲಿ ಒಯ್ದು ಅಲ್ಲೇ ಕಂಪೈಲ್ ಮಾಡಿ. ಹಳೆಯದರಲ್ಲಿ ಮಾಡಿದ ಬೈನರಿ ಹೊಸದರಲ್ಲಿ ಓಡುತ್ತದೆ, ಆದ್ದರಿಂದ ಎರಡಕ್ಕೂ ಅದೊಂದೇ ಸಾಕು.