ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್: ಒಂದು ಗೇಮ್ ಓಪನ್ನೇ ಆಗ್ತಿಲ್ಲ, ಇನ್ನೊಂದು 20 ನಿಮಿಷಕ್ಕೆ ನಿಧಾನ

ಕೋಡಿಬಾಗ, ಕಾರವಾರ:
ನಮಸ್ಕಾರ, ನಂದು ಜಿಟಿಎಕ್ಸ್ 1060 6 ಜಿಬಿ, 16 ಜಿಬಿ ರ‍್ಯಾಮ್, 450 ವಾಟ್ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡೂ ಪೆಟ್ಟಿಗೆ), ಗೇಮ್ ಎಲ್ಲಾ ಹಾರ್ಡ್‌ಡಿಸ್ಕಲ್ಲೇ ಅದೆ. ಮೊನ್ನೆ ಡೂಮ್ ದ ಡಾರ್ಕ್ ಏಜಸ್ ಗೇಮ್ ತಗಂಡು ರಾತ್ರಿಯಿಡೀ ಡೌನ್‌ಲೋಡಿಗೆ ಹಾಕಿ ಬೆಳಿಗ್ಗೆ ಓಪನ್ ಮಾಡಿದ್ರೆ ಎರರ್ ಬಂದು ಕ್ಲೋಸ್ ಆಗ್ತದೆ, ಡ್ರೈವರ್ ತೆಗ್ದು ಮತ್ತೆ ಹಾಕಿದೆ, ಸೆಟ್ಟಿಂಗ್ ಇಳಿಸ್ವಾ ಅಂದ್ರೆ ಮೆನುವರೆಗೂ ಹೋಗೂದಿಲ್ಲ. ಸೈಬರ್‌ಪಂಕ್ 2077 ಓಡ್ತದೆ, ಆದ್ರೆ ಕಾರ್ ಜೋರಾಗಿ ಓಡಿಸ್ದಾಗ ತಡ್ದು ತಡ್ದು ಬರ್ತದೆ, 20 ನಿಮಿಷ ಆದ್ಮೇಲೆ ಇಡೀ ಗೇಮೇ ನಿಧಾನ, ಫ್ಯಾನ್ ಸದ್ದು ಅಡುಗೆಮನೆವರೆಗೆ ಕೇಳ್ತದೆ. ಕಾರ್ಡ್ ಹೋಯ್ತಾ? ಕಾಲೇಜಿಗೆ ಸೇರ್ದಾಗ ಅಪ್ಪ ಕೊಡ್ಸಿದ್ದು, ಎಸೆಯೂಕೆ ಮನ್ಸಿಲ್ಲ.

ಶಿರಸಿ:
ತಮಾ, ಕಾರ್ಡ್ ಹೋಗ್ಲಿಲ್ಲ, ಗಡಿಬಿಡಿಲಿ ಹೊಸದು ತಗಳಬೇಡ. ಡೂಮಿನದ್ದು ಸ್ಪೀಡಿನ ಪ್ರಶ್ನೆನೇ ಅಲ್ಲ, ಅದ್ಕೆ ಕಾರ್ಡಲ್ಲೇ ರೇ ಟ್ರೇಸಿಂಗ್ (ಬೆಳಕು-ನೆರಳಿನ ಲೆಕ್ಕ ಹಾಕೂ) ಹಾರ್ಡ್‌ವೇರ್ ಬೇಕೇ ಬೇಕು, ಕನಿಷ್ಠ ಅಂದ್ರೆ ಆರ್‌ಟಿಎಕ್ಸ್ 2060 ಸೂಪರ್ ಇಲ್ಲಾ ಆರ್‌ಎಕ್ಸ್ 6600. ನಿನ್ನ 1060 ಬಂದಿದ್ದು 2016ರಲ್ಲಿ, ಆ ಹಾರ್ಡ್‌ವೇರ್ ಇರೂ ಆರ್‌ಟಿಎಕ್ಸ್ ಕಾರ್ಡ್ ಶುರುವಾಗಿದ್ದೇ 2018ರಲ್ಲಿ, ಹಂಗಾಗಿ ಏನು ಇಳಿಸಿದ್ರೂ ಉಪಯೋಗಿಲ್ಲ. ಸ್ಟೀಮ್ ಅನ್ನೂ ಆನ್‌ಲೈನ್ ಗೇಮ್ ಅಂಗಡಿಲಿ ತಗಂಡಿದ್ರೆ 14 ದಿನದೊಳಗೆ, ಆಡಿದ್ದು 2 ತಾಸಿಗಿಂತ ಕಡಿಮೆ ಇದ್ರೆ ರೀಫಂಡ್ ಸಿಗ್ತದೆ, ಇವತ್ತೇ ಹಾಕು.

ಸೈಬರ್‌ಪಂಕ್ ಹಂಗಲ್ಲ. 2.0 ಅಪ್‌ಡೇಟ್ ಆದ್ಮೇಲೂ ಕನಿಷ್ಠ ಕಾರ್ಡ್ ಅಂತ ಬರ್ದಿದ್ದು 1060 6 ಜಿಬಿನೇ, ಆದ್ರೆ ಹಾರ್ಡ್‌ಡಿಸ್ಕ್ ಸಾಲೂದಿಲ್ಲ, ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ವೇಗದ ಡ್ರೈವ್) ಬೇಕು ಅಂತ ಅದೆ. ಕಾರ್ ಓಡಿಸ್ದಾಗ ತಡಿಯೂದು ಅದ್ಕೇ. 20 ನಿಮಿಷ ಆದ್ಮೇಲೆ ನಿಧಾನ ಆಗೂದು ಬಿಸಿಗೆ, ಈ ಕಾರ್ಡ್ 83 ಡಿಗ್ರಿ ಹತ್ರ ಬಂದ್ರೆ ತಾನೇ ಕ್ಲಾಕ್ (ಕೆಲಸದ ವೇಗ) ಇಳಿಸ್ಕಳ್ತದೆ. ಆಫ್ಟರ್‌ಬರ್ನರ್ ಅನ್ನೂ ಸಾಫ್ಟ್‌ವೇರ್ ಹಾಕಿ ಟೆಂಪರೇಚರ್ ನೋಡು. ನಿಮ್ಮ ಕಡಲಗಾಳಿ ಉಪ್ಪು ಬೇರೆ, ಧೂಳಿನ ಜೊತೆ ಸೇರಿ ಹೀಟ್‌ಸಿಂಕಿಗೆ (ಚಿಪ್ಪಿನ ಬಿಸಿ ಎಳೆಯೂ ಲೋಹದ ಭಾಗ) ಗಟ್ಟಿಯಾಗಿ ಹಿಡ್ಕಂಡಿರ್ತದೆ, ಬರೀ ಊದಿದ್ರೆ ಬಿಡೂದಿಲ್ಲ. ವೈರ್ ಕಿತ್ತು, ಕಾರ್ಡ್ ಹೊರಗೆ ತೆಗ್ದು, ಮೆತ್ತನೆ ಬ್ರಷ್ಷಲ್ಲಿ ತಿಕ್ಕು, ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಇರೂ ಥರ್ಮಲ್ ಪೇಸ್ಟ್ ಹೊಸದು ಹಾಕು, ಚಿನ್ನದ ಬಣ್ಣದ ಪಿನ್ನುಗಳನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಪೂರ್ತಿ ಒಣಗಿದ್ಮೇಲೇ ಕೂರಿಸು. ಆಮೇಲೆ ಗೇಮಲ್ಲಿ ಎಫ್‌ಎಸ್‌ಆರ್ (ಚಿತ್ರ ಸಣ್ಣದಾಗಿ ಮಾಡಿ ಆಮೇಲೆ ಹಿಗ್ಗಿಸಿ ಗೇಮಿನ ವೇಗ ಹೆಚ್ಚಿಸೂದು) ಆನ್ ಮಾಡು, ಅದೇ ಥರದ ಡಿಎಲ್‌ಎಸ್‌ಎಸ್ ಈ ಕಾರ್ಡಿಗೆ ಬರೂದಿಲ್ಲ. ಹೊಸ ಡ್ರೈವರಿಗೆ ಕಾಯ್ಬೇಡ, ನಿನ್ನ 1060 ಸೇರೂ 10 ಸೀರೀಸಿಗೆ ಗೇಮ್ ಡ್ರೈವರ್ 2025ರ ಅಕ್ಟೋಬರಿಗೇ ನಿಂತದೆ, ಈಗ ಬರೂದು ಸೆಕ್ಯುರಿಟಿದು ಅಷ್ಟೇ.

ಕೋಡಿಬಾಗ, ಕಾರವಾರ:
ಅಣ್ಣಾ, ಬಿಚ್ಚಿ ನೋಡ್ದೆ, ಸ್ಕ್ರೂ ಎರಡು ತುಕ್ಕು ಹಿಡ್ದಿತ್ತು, ಪೇಸ್ಟ್ ಒಣಗಿ ಪುಡಿಯಾಗಿತ್ತು. ಮೊದ್ಲು 84 ಡಿಗ್ರಿ ಬರ್ತಿತ್ತು, ಈಗ ಒಂದು ತಾಸು ಆಡಿದ್ರೂ 71 ದಾಟೂದಿಲ್ಲ. ಗೇಮ್ ಎಸ್‌ಎಸ್‌ಡಿಗೆ ಹಾಕ್ದೆ, ಕಾರ್ ಓಡಿಸ್ದಾಗ ತಡಿಯೂದೂ ಹೋಯ್ತು, ಖುಷಿ ಆಯ್ತು. ರೀಫಂಡೂ ಬಂತು. ಮುಂದೆ ದುಡ್ಡು ಕೂಡ್ಸಿ ಆರ್‌ಎಕ್ಸ್ 6600 ಹಾಕಿದ್ರೆ ಈ ಎಸ್‌ಎಂಪಿಎಸ್ ತಡಿತದಾ?

ಶಿರಸಿ:
6600 ತಗಳೂದು 132 ವಾಟ್, 1060 120, ಲೆಕ್ಕಕ್ಕೆ 450 ಸಾಕು. ಆದ್ರೆ ಅದ್ಕೆ 8 ಪಿನ್ನಿನ ವೈರ್ ಬೇಕು, ನಿಂದರಲ್ಲಿ 6 ಪಿನ್ ಮಾತ್ರ ಇದ್ರೆ ಕನ್ವರ್ಟರ್ ಹಾಕಬೇಡ, ಎಸ್‌ಎಂಪಿಎಸ್ಸೇ ಬದಲಿಸು. ಮೊದ್ಲು ಅದ್ರ ಫೋಟೋ ಹಾಕು, ನೋಡ್ತೆ.