ಘಾಟಿ ಏರುವಾಗ ಮಾತ್ರ ಬಿಸಿಯಾಗುವ ಹಳೆಯ ಮಾರುತಿ 800: ಎಂಜಿನ್ ಬಿಚ್ಚಿಸುವ ಮೊದಲು ಏನು ನೋಡಬೇಕು?

ಮೂಡಿಗೆರೆಯಿಂದ ಪ್ರಶ್ನೆ:

ನಮ್ಮ ಮನೆಯಲ್ಲಿ 1998ರ ಮಾರುತಿ 800 ಇದೆ, ಕಾರ್ಬುರೇಟರ್ ಇರುವುದು. ಅಪ್ಪ ಕೊಂಡ ಕಾರು, ಮಾರುವ ಮನಸ್ಸಿಲ್ಲ. ಊರೊಳಗೆ ಓಡಾಡಿದರೆ ಯಾವ ತಕರಾರೂ ಇಲ್ಲ. ಧರ್ಮಸ್ಥಳದಿಂದ ಹಿಂದಿರುಗುವಾಗ ಚಾರ್ಮಾಡಿ ಘಾಟಿ ಹತ್ತಲು ಶುರುಮಾಡಿದರೆ ಮಾತ್ರ ಕೊಟ್ಟಿಗೆಹಾರ ಸೇರುವ ಎಷ್ಟೋ ಮೊದಲೇ ಸೂಜಿ ಕೆಂಪು ಗೆರೆ ಮುಟ್ಟುತ್ತದೆ. ಗ್ಯಾರೇಜಿನಲ್ಲಿ ಮೊದಲು ರೇಡಿಯೇಟರ್ ಫ್ಯಾನಿನ ಮೋಟಾರ್ ಬದಲಿಸಿದರು. ಕಡಿಮೆಯಾಗಲಿಲ್ಲ. ಆಮೇಲೆ ಎಂಜಿನ್ ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತೇ ಹಾಕಿದರು. ಈಗ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಸೋರದಂತೆ ಇಡುವ ಹಾಳೆ) ಹೋಗಿರಬೇಕು, ಬಿಚ್ಚೋಣ ಎನ್ನುತ್ತಿದ್ದಾರೆ. ಬಿಚ್ಚಿಸಲೇ? ಅನುಭವ ಇದ್ದವರು ಹೇಳಿ.

ಹಾಸನದಿಂದ, ನಿವೃತ್ತ ಮೆಕ್ಯಾನಿಕ್:

ಸದ್ಯಕ್ಕೆ ಬಿಚ್ಚಿಸಬೇಡಿ. ಒಂದಾದ ಮೇಲೊಂದು ಭಾಗ ಬದಲಿಸುತ್ತಾ ಹೋಗುವುದು ರಿಪೇರಿಯಲ್ಲ, ಗಿರಾಕಿಯ ಖರ್ಚಿನಲ್ಲಿ ಆಡುವ ಲಾಟರಿ. ಎಂಜಿನ್ ಯಾವಾಗ ಬಿಸಿಯಾಗುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ, ಅದನ್ನು ನೀವೇ ಬರೆದಿದ್ದೀರಿ.

ನಿಂತಲ್ಲೇ, ಸಿಗ್ನಲ್‌ನಲ್ಲಿ ಬಿಸಿಯಾಗಿ, ಓಡತೊಡಗಿದ ಕೂಡಲೇ ತಣಿದರೆ ಫ್ಯಾನಿನ ಮೇಲೆ ಅನುಮಾನ. ಬೆಳಿಗ್ಗೆ ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಸೂಜಿ ಮೇಲೆ ಹಾರಿದರೆ ಮುಚ್ಚಿದ ಸ್ಥಿತಿಯಲ್ಲೇ ಕಚ್ಚಿಕೊಂಡ ಥರ್ಮೋಸ್ಟಾಟ್, ನೀರಿನ ಕೊರತೆ, ಒಳಗೆ ಸಿಕ್ಕಿಕೊಂಡ ಗಾಳಿ ಅಥವಾ ಗ್ಯಾಸ್ಕೆಟ್. ಸಮತಟ್ಟಿನಲ್ಲಿ ಸರಿಯಿದ್ದು ಏರಿನಲ್ಲಿ ಮಾತ್ರ ಕಾವು ಹತ್ತಿದರೆ, ಎಂಜಿನ್ ಹುಟ್ಟಿಸುವ ಶಾಖವನ್ನು ಹೊರಹಾಕುವ ಸಾಮರ್ಥ್ಯ ರೇಡಿಯೇಟರಿಗೆ ಸಾಲುತ್ತಿಲ್ಲ ಎಂದೇ ಮೊದಲು ಲೆಕ್ಕ ಹಾಕಬೇಕು. ಎರಡನೆಯ ಗೇರಿನಲ್ಲಿ ನಿಧಾನವಾಗಿ ಹತ್ತುವಾಗ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಎದುರಿನಿಂದ ಬರುವ ಗಾಳಿ ಮಾತ್ರ ಕಡಿಮೆ. ಊರೊಳಗಿನ ಸುತ್ತಾಟದಲ್ಲಿ ಈ ಕೊರತೆ ಕಾಣಿಸುವುದೇ ಇಲ್ಲ.

ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಬಿಸಿ ಇರುವಾಗ ಯಾರು ಹೇಳಿದರೂ ತೆಗೆಯಬೇಡಿ, ಮುಖ ಸುಟ್ಟುಕೊಂಡವರನ್ನು ಕಂಡಿದ್ದೇನೆ. ಮುಚ್ಚಳದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದೆಯೇ, ಸ್ಪ್ರಿಂಗ್ ಒತ್ತಿದರೆ ಪುಟಿಯುತ್ತದೆಯೇ ಗಮನಿಸಿ. ಈ ಸಣ್ಣ ವಸ್ತುವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ನಿಮ್ಮ ಊರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 0.9 ಎಂದು (ಅದು ತಡೆಯುವ ಒತ್ತಡದ ಅಳತೆ) ಗುರುತಿರುವ ಮುಚ್ಚಳ ಒತ್ತಡವನ್ನು ಸರಿಯಾಗಿ ಹಿಡಿದಿಟ್ಟರೆ ಅದೇ ನೀರು 115 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ಸೋರಿತೆಂದರೆ ಈ ಆಸರೆ ಇಲ್ಲ.

ಮುಂದಿನದು ಗ್ಯಾಸ್ಕೆಟ್ ಪರೀಕ್ಷೆ, ಏನನ್ನೂ ಬಿಚ್ಚದೆ. ತಣ್ಣಗಿನ ಎಂಜಿನ್, ಮುಚ್ಚಳ ತೆಗೆದದ್ದು, ನೀರು ಕುತ್ತಿಗೆಯವರೆಗೆ. ಚಾಲೂ ಮಾಡಿ ನೋಡುತ್ತಿರಿ. ಮೊದಲು ಒಂದೆರಡು ಗುಳ್ಳೆ ಬಂದರೆ ಅದು ಒಳಗಿದ್ದ ಗಾಳಿ. ನಿಲ್ಲದೆ ಬರುತ್ತಿದ್ದು, ಆಕ್ಸಿಲರೇಟರ್ ಒತ್ತಿದಷ್ಟೂ ಹೆಚ್ಚಾದರೆ ಸಿಲಿಂಡರಿನ ಅನಿಲ ನೀರಿಗೆ ನುಗ್ಗುತ್ತಿದೆ. ನೀರು ಬಿಸಿಯಾಗುವ ಮೊದಲೇ ಪರೀಕ್ಷೆ ಮುಗಿಸಿ. ಆಯಿಲ್ ಕಡ್ಡಿ ಎಳೆದು ನೋಡಿ, ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಎಣ್ಣೆ ಶುಭ್ರವಾಗಿದೆ ಎಂದ ಮಾತ್ರಕ್ಕೆ ಗ್ಯಾಸ್ಕೆಟ್ ಸರಿಯಿದೆ ಎಂದಲ್ಲ, ಗುಳ್ಳೆಯ ಪರೀಕ್ಷೆಯೇ ಮುಖ್ಯ. ಇದನ್ನು ಮಾಡದೆ ಹೆಡ್ ಬಿಚ್ಚಲು ಹೊರಟವರ ಕೈಗೆ ಪಾನಾ ಕೊಡಬೇಡಿ.

ಮಂಗಳೂರಿನಿಂದ, ವಾಹನಗಳ ಎಲೆಕ್ಟ್ರಿಕಲ್ ಕೆಲಸದವರು:

ಹಿರಿಯರು ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ಫ್ಯಾನ್ ಮೋಟಾರ್ ಬದಲಿಸಿದ್ದಾರೆ ಎಂದಿರಿ. ಅದು ತಿರುಗುತ್ತದೆಯೇ ಎಂದಷ್ಟೇ ನೋಡಿದರೆ ಸಾಲದು, ಯಾವ ಕಡೆಗೆ ತಿರುಗುತ್ತದೆ ನೋಡಿ. ಇದು ಡಿಸಿ ಮೋಟಾರ್. ಎರಡು ತಂತಿ ಅದಲುಬದಲಾದರೆ ಉಲ್ಟಾ ತಿರುಗುತ್ತದೆ, ಬಿಸಿಗಾಳಿಯನ್ನು ಮುಂದಕ್ಕೆ ತಳ್ಳುತ್ತದೆ. ಶಬ್ದ ಮಾತ್ರ ಅದೇ. ಫ್ಯಾನ್ ಓಡುವಾಗ ಮುಂದಿನ ಜಾಲರಿಗೆ ಒಂದು ಹಾಳೆ ಹಿಡಿಯಿರಿ, ಅಂಟಿಕೊಂಡರೆ ಸರಿ, ಹಾರಿದರೆ ತಂತಿ ಬದಲಿಸಿ.

ಇನ್ನೊಂದು, ಸೂಜಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಹಳೆಯ ಗಾಡಿಗಳಲ್ಲಿ ಸೆನ್ಸರ್ ತುಕ್ಕು ಹಿಡಿದು, ಅರ್ತ್ ಸಡಿಲವಾಗಿ ಮೀಟರ್ ಸುಳ್ಳು ಹೇಳುವುದುಂಟು. ಹೆಡ್‌ಲೈಟ್ ಹಾಕಿದ ಕೂಡಲೇ ಸೂಜಿ ಜಿಗಿದರೆ ಅದು ವಿದ್ಯುತ್ತಿನ ಆಟ, ಶಾಖದ್ದಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರ್ ಇರುವ ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ಗೂಡಿನ ಹತ್ತಿರ ಅಳೆಯಿಸಿ. ಮುಂದಿನ ಬೆಲ್ಟನ್ನೂ ಒತ್ತಿ ನೋಡಿ. ಈ ಕಾರಿನಲ್ಲಿ ವಾಟರ್ ಪಂಪನ್ನೂ ಆಲ್ಟರ್ನೇಟರನ್ನೂ ತಿರುಗಿಸುವುದು ಒಂದೇ ಬೆಲ್ಟ್.

ಕೊಪ್ಪದಿಂದ, ತೋಟದ ಜೀಪ್ ಇಟ್ಟುಕೊಂಡವರು:

ನಮ್ಮದು ಡೀಸೆಲ್ ಜೀಪ್, ರೋಗ ಮಾತ್ರ ಇದೇ. ಮಲೆನಾಡಿನ ಗಾಡಿಗಳ ರೇಡಿಯೇಟರ್ ಜಾಲರಿಯಲ್ಲಿ ಕೆಸರು, ತರಗೆಲೆಯ ಪುಡಿ, ಮಳೆಗಾಲದ ಹುಳುಗಳು ಸೇರಿ ಗೋಡೆಯನ್ನೇ ಕಟ್ಟಿರುತ್ತವೆ. ಎಸಿ ಇದ್ದರೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯನ್ನು ಇಣುಕಿ ನೋಡಿ, ಎದುರಿನಿಂದ ಅದು ಕಾಣುವುದಿಲ್ಲ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಹಾಯಿಸಿ. ವಾಷಿಂಗ್ ಸೆಂಟರಿನ ಜೋರು ನೀರಿಗೆ ಜಾಲರಿ ಮಡಚಿಕೊಳ್ಳುತ್ತದೆ. ಒಳಗೆ ಇಷ್ಟು ವರ್ಷ ಯಾವ ನೀರು ಹಾಕಿದ್ದೀರಿ? ಬೋರ್‌ವೆಲ್ ನೀರಾದರೆ ಸುಣ್ಣದ ಪದರ ಖಂಡಿತ ಕಟ್ಟಿದೆ.

ಥರ್ಮೋಸ್ಟಾಟ್ ಇಲ್ಲದಿದ್ದರೂ ನಡೆಯುತ್ತದೆ, ನಮ್ಮದರಲ್ಲಿ ಹಾಕಿಯೇ ಇಲ್ಲ.

ಹಾಸನದಿಂದ:

ಕೊಪ್ಪದವರ ಕೊನೆಯ ಮಾತನ್ನು ಒಪ್ಪಲಾರೆ. ಅದು ಸುಮಾರು 82 ಡಿಗ್ರಿಗೆ ತೆರೆಯುವ ಕವಾಟ. ಇಲ್ಲದಿದ್ದರೆ ಚಳಿಗಾಲದ ಬೆಳಗ್ಗೆ ಎಂಜಿನ್ ಬೇಕಾದಷ್ಟು ಬಿಸಿಯೇ ಆಗುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಎಣ್ಣೆ ಕೆಡುತ್ತದೆ. ಹೊಸದನ್ನು ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗುಬಿಟ್ಟು ಕಾಯಿಸಿ, ಎಷ್ಟು ಡಿಗ್ರಿಗೆ ಬಾಯಿ ಬಿಡುತ್ತದೆ ಎಂದು ಥರ್ಮಾಮೀಟರ್ ಇಟ್ಟು ನೋಡಿ. ಹೊಸ ವಾಲ್ವ್‌ಗಳಲ್ಲೂ ಕೆಟ್ಟದ್ದು ಬರುತ್ತದೆ.

ಮೂಡಿಗೆರೆಯಿಂದ, ಪರೀಕ್ಷೆಯ ನಂತರ:

ಎಲ್ಲರಿಗೂ ಧನ್ಯವಾದ. ಹಾಳೆ ಅಂಟಿಕೊಂಡಿತು. ಬೆಲ್ಟ್ ಬಿಗಿಯಾಗಿದೆ. ಗುಳ್ಳೆ ಮೊದಲು ಸ್ವಲ್ಪ ಬಂದು ನಿಂತಿತು, ಎಣ್ಣೆ ಸರಿಯಿದೆ. ಮುಚ್ಚಳದ ರಬ್ಬರ್ ಒಂದು ಕಡೆ ಹರಿದಿದೆ. ಕಾರು ಓಡಿಸಿ ಬಂದು ಅಳೆಸಿದಾಗ ರೇಡಿಯೇಟರಿನ ನಡುವೆ ಒಂದು ಪಟ್ಟಿ ಸುತ್ತಲಿನದಕ್ಕಿಂತ ತುಂಬ ತಣ್ಣಗಿತ್ತು. ಕುತ್ತಿಗೆಯೊಳಗೆ ಬೆರಳಾಡಿಸಿದರೆ ಬಿಳಿ ಪುಡಿ. ನೀರು ನಮ್ಮ ಬೋರ್‌ವೆಲ್‌ನದೇ.

ಹಾಸನದಿಂದ:

ಆ ತಣ್ಣನೆಯ ಪಟ್ಟಿಯಲ್ಲಿ ನೀರು ಹರಿಯುತ್ತಿಲ್ಲ, ಕೊಳವೆಗಳು ಕಟ್ಟಿವೆ. ಹೆಡ್ಡಿನ ಮಾತು ಬಿಡಿ. ನಿಮ್ಮದು ತಾಮ್ರ-ಹಿತ್ತಾಳೆಯ ರೇಡಿಯೇಟರ್ ಆಗಿದ್ದರೆ ರೇಡಿಯೇಟರ್ ಕೆಲಸದವರು ಮೇಲಿನ ಟ್ಯಾಂಕಿನ ಬೆಸುಗೆ ಬಿಚ್ಚಿ, ಒಂದೊಂದೇ ಕೊಳವೆಗೆ ಸರಳು ತೂರಿಸಿ ಶುಚಿ ಮಾಡಿಕೊಡುತ್ತಾರೆ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ಆಗಿದ್ದರೆ ಅದಕ್ಕೆ ದುಡ್ಡು ಸುರಿಯದೆ ಹೊಸದನ್ನೇ ಹಾಕಿಸಿ. ಬರೀ ರಾಸಾಯನಿಕ ಹಾಕಿ ತೊಳೆದು ಕೊಡುತ್ತೇನೆ ಎಂದರೆ ನಂಬಬೇಡಿ, ಪೂರ್ತಿ ಕಟ್ಟಿದ ಕೊಳವೆಯೊಳಗೆ ಅದು ಹೋಗುವುದೇ ಇಲ್ಲ. ಹೊಸ ಮುಚ್ಚಳ ಅದೇ ಸಂಖ್ಯೆಯದಿರಲಿ. ಹೆಚ್ಚು ಒತ್ತಡದ್ದು ಹಾಕಿದರೆ ಹಳೆಯ ಹೋಸ್ ಪೈಪ್ ಬಿರಿಯುತ್ತದೆ. ಪೈಪುಗಳನ್ನೂ ಹಿಚುಕಿ ನೋಡಿ, ಕೆಳಗಿನದು ಮೆತ್ತಗಾಗಿದ್ದರೆ ವೇಗ ಹೆಚ್ಚಾದಾಗ ಪಂಪಿನ ಎಳೆತಕ್ಕೆ ಚಪ್ಪಟೆಯಾಗಿ ನೀರನ್ನು ತಡೆಯುತ್ತದೆ.

ಇಷ್ಟಾದರೂ ಏರಿನಲ್ಲಿ ಬಿಸಿಯಾದರೆ ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ಗಿನ ಕಿಡಿ ಹಾರುವ ಹೊತ್ತು, ತಡವಾಗಿದೆಯೇ, ಕಾರ್ಬುರೇಟರ್ ಪೆಟ್ರೋಲ್ ಕಡಿಮೆ ಕೊಡುತ್ತಿದೆಯೇ, ಹಿಂದಿನ ಬ್ರೇಕ್ ಹಿಡಿದುಕೊಂಡಿದೆಯೇ ನೋಡಿಸಿ. ಈ ಕ್ರಮದಲ್ಲೇ.

ಬೆಳ್ತಂಗಡಿಯಿಂದ, ಟ್ಯಾಕ್ಸಿ ಓಡಿಸುವವರು:

ಕೆಲಸ ಆಗುವವರೆಗೆ ಘಾಟಿ ಹತ್ತಲೇಬೇಕಾಗಿ ಬಂದರೆ: ಸೂಜಿ ಮುಕ್ಕಾಲು ದಾಟುತ್ತಿದ್ದಂತೆ ಎಸಿ ನಿಲ್ಲಿಸಿ, ಹೀಟರ್ ಇದ್ದರೆ ಪೂರ್ತಿ ತೆರೆದು ಕಿಟಕಿ ಇಳಿಸಿ. ಸೆಕೆ ನಿಮಗೆ, ತಂಪು ಎಂಜಿನ್‌ಗೆ. ಕೆಂಪಿಗೆ ಬಂದರೆ ತಿರುವಿನಲ್ಲಿ ಬೇಡ, ಅಗಲ ಜಾಗ ನೋಡಿ ನಿಲ್ಲಿಸಿ ಎಂಜಿನ್ ಆರಿಸಿ. ಬಿಸಿ ಎಂಜಿನ್ನಿನ ಮೇಲೆ ಝರಿಯ ತಣ್ಣೀರು ಸುರಿಯುವವರನ್ನು ಪ್ರತಿ ಬೇಸಿಗೆಯಲ್ಲೂ ಕಾಣುತ್ತೇನೆ. ಅಲ್ಯೂಮಿನಿಯಂ ಹೆಡ್ ಬಾಗಿ ಆಗ ಗ್ಯಾಸ್ಕೆಟ್ ನಿಜವಾಗಿಯೂ ಹೋಗುತ್ತದೆ.

ಹಾಸನದಿಂದ, ಮರೆತದ್ದು:

ಎಲ್ಲ ಜೋಡಿಸಿದ ಮೇಲೆ ಬೋರ್‌ವೆಲ್ ನೀರು ಬೇಡ. ಬ್ಯಾಟರಿಗೆ ಹಾಕುವ ಶುದ್ಧ ನೀರಿಗೆ ಸಮಪಾಲು ಕೂಲೆಂಟ್ ಬೆರೆಸಿ. ಕಾರಿನ ಮೂತಿ ಏರುಕಡೆಗಿರುವಂತೆ ನಿಲ್ಲಿಸಿ ನಿಧಾನವಾಗಿ ತುಂಬಿದರೆ ಗಾಳಿ ಮೇಲೆ ಬರುತ್ತದೆ. ಮರುದಿನ ಬೆಳಿಗ್ಗೆ ಮಟ್ಟ ನೋಡಿ, ಇಳಿದಿದ್ದರೆ ಮತ್ತೆ ತುಂಬಿ. ತೆಗೆದ ಹಳೆಯ ಕೂಲೆಂಟನ್ನು ಅಂಗಳದಲ್ಲಿ ಚೆಲ್ಲಬೇಡಿ, ಸಿಹಿಯಿರುವುದರಿಂದ ನಾಯಿಗಳು ನೆಕ್ಕುತ್ತವೆ, ಅದು ವಿಷ.